ಸ್ಕಾಗ್‌ವೇಯಿಂದ ಕಾರ್‌ಕ್ರಾಸ್‌ವರೆಗೆ: ಒಂದು ಟನ್ ಹೊರೆಯ ಹಾದಿ

ಮೊದಲ ದಿನ: ಸ್ಕಾಗ್‌ವೇ

ಜೂನೋದಿಂದ ಬೆಳಿಗ್ಗೆ ಹೊರಟ ಫೆರಿ, ಹಿಮನದಿಗಳು ಕೊರೆದು ಹೋದ ಲಿನ್ ಕೆನಾಲ್ ಎಂಬ ಉದ್ದನೆಯ ಕಡಲಚಾಚಿನಲ್ಲಿ ಉತ್ತರಕ್ಕೆ ಸಾಗಿ, ಹೇನ್ಸ್ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಅಲಾಸ್ಕಾದ ಸ್ಕಾಗ್‌ವೇ ಧಕ್ಕೆಯಲ್ಲಿ ಇಳಿಸಿತು. ಸಿಯಾಟಲ್‌ನಲ್ಲಿ ನೆಲೆಸಿರುವ ನಮಗೆ ಈ ಊರಿಗೆ ಬರಬೇಕೆಂಬ ಆಸೆ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನನ್ನ ಮಾವನವರಿಂದ. ಸಿಯಾಟಲ್‌ನ ಪಯನಿಯರ್ ಸ್ಕ್ವೇರ್‌ನಲ್ಲಿ, ಚಿನ್ನಕ್ಕಾಗಿ ಜನ ಮುಗಿಬಿದ್ದ ಕಾಲದ ನೆನಪಿಗಾಗಿರುವ ಕ್ಲಾಂಡೈಕ್ ಗೋಲ್ಡ್ ರಶ್ ರಾಷ್ಟ್ರೀಯ ಉದ್ಯಾನದ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡಿ ಬಂದ ದಿನದಿಂದ ಅವರು ಈ ಪ್ರವಾಸದ ಮಾತನ್ನೇ ಆಡುತ್ತಿದ್ದರು. ಫೆರಿಯಿಂದ ಇಳಿಯುತ್ತಲೇ ಸುತ್ತಲಿನ ಕಡಿದಾದ ಬೆಟ್ಟಗಳತ್ತ ಕಣ್ಣು ಹಾಯಿಸಿ, “ಇಲ್ಲಿ ಚಿನ್ನ ಎಲ್ಲಿ ಸಿಕ್ತಮ್ಮಾ?” ಎಂದು ಕೇಳಿದರು. “ಇಲ್ಲಿ ಸಿಗಲೇ ಇಲ್ಲ ಮಾವ, ಇಲ್ಲಿಂದ ಇನ್ನೂ 900 ಕಿಲೋಮೀಟರ್ ಹೋಗಬೇಕಿತ್ತು” ಎಂದೆ.

ಈ ಪ್ರದೇಶಕ್ಕೆ ಬರುವ ಹೆಚ್ಚಿನ ಪ್ರವಾಸಿಗರಿಗೆ ಈ ಸಂಗತಿ ಮೊದಲಿಗೆ ಹೊಳೆಯುವುದಿಲ್ಲ. ಚಿನ್ನ ಸಿಕ್ಕಿದ್ದು ಕೆನಡಾದ ಯೂಕಾನ್‌ನಲ್ಲಿ, ಕ್ಲಾಂಡೈಕ್ ನದಿಗೆ ಸೇರುವ ರ‍್ಯಾಬಿಟ್ ಕ್ರೀಕ್ ಎಂಬ ಹಳ್ಳದಲ್ಲಿ, 1896ರ ಆಗಸ್ಟ್ 16ರಂದು. ಆ ಹಳ್ಳಕ್ಕೆ ಬೊನಾಂಜಾ ಎಂಬ ಹೆಸರು ಬಂದದ್ದು ಆಮೇಲೆ. ಸುದ್ದಿ ಹೊರಜಗತ್ತಿನಲ್ಲೆಲ್ಲ ಹಬ್ಬಿದ್ದು ಮರುವರ್ಷ, 1897ರ ಜುಲೈ 17ರಂದು ಪೋರ್ಟ್‌ಲ್ಯಾಂಡ್ ಎಂಬ ಹಡಗು ಚಿನ್ನ ಹೊತ್ತ ಗಣಿಗಾರರೊಂದಿಗೆ ಸಿಯಾಟಲ್ ಬಂದರಿಗೆ ಬಂದಾಗ. 1893ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳದಿದ್ದ ಅಮೆರಿಕದಲ್ಲಿ ಆ ಸುದ್ದಿಗೆ ಗುಮಾಸ್ತರು, ಉಪಾಧ್ಯಾಯರು, ಟ್ರಾಮ್ ಚಾಲಕರು ಕೆಲಸ ಬಿಟ್ಟು ಹೊರಟರು. ಒಂದು ಲಕ್ಷದಷ್ಟು ಜನ ಹೊರಟಿರಬಹುದೆಂದೂ, ಅವರಲ್ಲಿ ಮೂವತ್ತು ನಲವತ್ತು ಸಾವಿರ ಮಂದಿಯಷ್ಟೇ ಕ್ಲಾಂಡೈಕ್ ಮುಟ್ಟಿದರೆಂದೂ ಅಂದಾಜು. ಅವರು ಹಡಗಿನಿಂದ ಇಳಿದು ಘಟ್ಟ ಹತ್ತಲು ಆರಂಭಿಸಿದ ಎರಡು ಜಾಗಗಳಲ್ಲಿ ಸ್ಕಾಗ್‌ವೇ ಒಂದು, ಪಕ್ಕದ ಡೈಯಾ ಇನ್ನೊಂದು. ಅಂದರೆ ನಾವು ನೋಡಲು ಬಂದದ್ದು ಗಣಿಯನ್ನಲ್ಲ, ಗಣಿಗೆ ಹೋಗುವ ಹಾದಿಯ ಬುಡವನ್ನು.

ಬ್ರಾಡ್‌ವೇ ಎಂಬ ಮುಖ್ಯಬೀದಿಯ ಇಕ್ಕೆಲಗಳಲ್ಲಿ ಹಲಗೆಯ ಕಾಲುದಾರಿ, ಬಣ್ಣ ಬಳಿದ ಮರದ ಕಟ್ಟಡಗಳು. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿತವಾದ ಮೇಲೆ ಇವುಗಳಲ್ಲಿ ಹಲವನ್ನು ಉದ್ಯಾನ ಇಲಾಖೆಯೇ ಕೊಂಡು ದುರಸ್ತಿ ಮಾಡಿದೆ. ಹಳೆಯ ರೈಲು ನಿಲ್ದಾಣವೇ ಈಗ ಅದರ ಮಾಹಿತಿ ಕೇಂದ್ರ. ಕಡಲು ತಂದು ಹಾಕಿದ ಸಾವಿರಾರು ಮರದ ತುಂಡುಗಳನ್ನು ಮುಂಭಾಗಕ್ಕೆ ಜೋಡಿಸಿ ಮೊಳೆ ಹೊಡೆದಿರುವ ಆರ್ಕ್ಟಿಕ್ ಬ್ರದರ್‌ಹುಡ್ ಭವನದ ಎದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಕ್ರೂಸ್ ಹಡಗುಗಳು ಒಟ್ಟಿಗೆ ಬಂದ ದಿನ ಈ ಸಣ್ಣ ಊರಿನಲ್ಲಿ ಊರಿನವರಿಗಿಂತ ಹಲವು ಪಟ್ಟು ಹೆಚ್ಚು ಪ್ರವಾಸಿಗರಿರುತ್ತಾರೆ. ಒಡವೆ ಅಂಗಡಿಗಳ ಸಾಲು ನೋಡಿದರೆ, ಚಿನ್ನ ಅಗೆಯುವವನಿಗಿಂತ ಅವನಿಗೆ ಮಾರುವವನೇ ಹೆಚ್ಚು ಗಳಿಸಿದ ಆ ಕಾಲ ಇಲ್ಲಿ ಮುಗಿದೇ ಇಲ್ಲವೇನೋ ಅನ್ನಿಸುತ್ತದೆ.

ಬೀದಿಯಿಂದ ತುಸು ಒಳಗೆ ಕ್ಯಾಪ್ಟನ್ ವಿಲಿಯಂ ಮೂರ್ ಎಂಬಾತನ ದಿಮ್ಮಿಮನೆ ಇದೆ. ನದಿಗಳಲ್ಲಿ ಸ್ಟೀಮರ್ ನಡೆಸುತ್ತಿದ್ದ ಈ ಮುದುಕನಿಗೆ ಚಿನ್ನ ಸಿಗುವುದಕ್ಕೆ ಒಂಬತ್ತು ವರ್ಷ ಮುಂಚೆಯೇ, 1887ರಲ್ಲಿ, ಒಂದು ದಿನ ಜನ ಈ ದಾರಿಯಲ್ಲಿ ಬಂದೇ ಬರುತ್ತಾರೆಂಬ ನಂಬಿಕೆ ಹುಟ್ಟಿತ್ತು. ಅದೇ ವರ್ಷ ಕೀಶ್ ಎಂಬ ಟ್ಯಾಗಿಶ್ ಬುಡಕಟ್ಟಿನ ಯುವಕನೊಂದಿಗೆ ವೈಟ್ ಪಾಸ್ ಘಟ್ಟವನ್ನು ದಾಟಿ ನೋಡಿ, ಹಿಂದಿರುಗಿ 160 ಎಕರೆ ಜಮೀನಿಗೆ ಹಕ್ಕು ಹೂಡಿ, ಧಕ್ಕೆ ಕಟ್ಟತೊಡಗಿದ. ಅವನ ಲೆಕ್ಕ ತಪ್ಪಲಿಲ್ಲ, ಜನ ಬಂದರು. ಬಂದವರು ಅವನ ಹಕ್ಕನ್ನು ಕೇಳದೆ ಜಮೀನನ್ನೇ ನಿವೇಶನಗಳನ್ನಾಗಿ ಹಂಚಿಕೊಂಡರು. ವರ್ಷಗಟ್ಟಲೆ ಕೋರ್ಟು ಹತ್ತಿದ ಮೇಲೆ ನಿವೇಶನಗಳ ಮೌಲ್ಯದ ಕಾಲು ಭಾಗ ಅವನಿಗೆ ದಕ್ಕಿತು. ಧಕ್ಕೆ ಮಾತ್ರ ಅವನಿಗೆ ಒಳ್ಳೆಯ ಹಣ ತಂದಿತೆನ್ನುವುದು ಸಮಾಧಾನದ ವಿಷಯ.

ಊರಿನವರು ಹೆಚ್ಚು ಆಸೆಯಿಂದ ಹೇಳುವುದು ಸೋಪಿ ಸ್ಮಿತ್ ಎಂಬ ವಂಚಕನ ಕಥೆಯನ್ನು. ಊರಿಗೆ ತಂತಿಯೇ ಬಂದಿರದ ಕಾಲದಲ್ಲಿ ಇವನ ಗುಂಪು ತಂತಿ ಕಚೇರಿ ತೆರೆದು, ಮನೆಗೆ ಸುದ್ದಿ ಕಳಿಸಲು ಬಂದವರಿಂದ ಹಣ ಪಡೆಯುತ್ತಿತ್ತಂತೆ. 1898ರ ಜುಲೈ 8ರಂದು ಧಕ್ಕೆಯ ಮೇಲೆ ನಡೆದ ಗುಂಡಿನ ಕಾಳಗದಲ್ಲಿ ಅವನು ಅಲ್ಲೇ ಸತ್ತ. ಎದುರಿಸಿದ ಫ್ರಾಂಕ್ ರೀಡ್ ಹನ್ನೆರಡು ದಿನ ನರಳಿ ತೀರಿಕೊಂಡ. ಗೋಲ್ಡ್ ರಶ್ ಸ್ಮಶಾನದಲ್ಲಿ ಇಬ್ಬರ ಗೋರಿಗಳೂ ಇವೆ. ಆ ಚಳಿಗಾಲಗಳಲ್ಲಿ ರೋಗದಿಂದ ಸತ್ತ ಹೆಸರಿಲ್ಲದವರ ಮರದ ಫಲಕಗಳ ಮುಂದೆ ಯಾರೂ ನಿಲ್ಲದಿರುವುದನ್ನು ಕಂಡಾಗ ಸೋಪಿಗೆ ಇಷ್ಟು ಪ್ರಚಾರ ಬೇಕಿರಲಿಲ್ಲವೆನಿಸಿತು.

ಎರಡನೆಯ ದಿನ: ಘಟ್ಟ, ಗಡಿ, ಕಾರ್‌ಕ್ರಾಸ್

ಬೆಳಿಗ್ಗೆ ಎಂಟಕ್ಕೆ ನಮ್ಮ ಪ್ರವಾಸದ ಸಣ್ಣ ಬಸ್ಸು ಹೊರಟಿತು. ಚಾಲಕಿಯೇ ಮಾರ್ಗದರ್ಶಿ, ಬೇಸಿಗೆಯಲ್ಲಿ ಮಾತ್ರ ಇಲ್ಲಿಗೆ ಬಂದು ದುಡಿಯುವ ಯುವತಿ. ಹೋಗುವಾಗ ರಸ್ತೆ, ಬರುವಾಗ ಗಡಿಯಾಚೆ ಕೆನಡಾದಲ್ಲಿರುವ ಫ್ರೇಸರ್‌ನಿಂದ ರೈಲು ಎಂಬುದು ಏರ್ಪಾಡು. ಒಂದೇ ದಿನದಲ್ಲಿ ಅಮೆರಿಕದಿಂದ ಕೆನಡಾಕ್ಕೆ ಹೋಗಿ ಮರಳುವುದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇಕು, ಅಮೆರಿಕಕ್ಕೆ ಮತ್ತೆ ಪ್ರವೇಶಿಸುವ ಅವಕಾಶವಿರುವ ವೀಸಾವೂ ಬೇಕು. ಮಾವನವರ ಕಾಗದಪತ್ರಗಳನ್ನು ನಾವು ತಿಂಗಳುಗಳ ಮೊದಲೇ ಸಿದ್ಧಪಡಿಸಿಕೊಂಡಿದ್ದೆವು. ಯೂಕಾನ್‌ನಲ್ಲಿ ಗಡಿಯಾರ ಬೇಸಿಗೆಯಲ್ಲಿ ಅಲಾಸ್ಕಾಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನೂ ನೆನಪಿಡಬೇಕು, ಇಲ್ಲವಾದರೆ ಊಟದ ವೇಳೆಯ ಲೆಕ್ಕವೆಲ್ಲ ತಪ್ಪುತ್ತದೆ.

ಊರು ಬಿಟ್ಟು ಹತ್ತು ನಿಮಿಷವಾಗುವಷ್ಟರಲ್ಲಿ ಕ್ಲಾಂಡೈಕ್ ಹೆದ್ದಾರಿ ಏರತೊಡಗುತ್ತದೆ. ಸಮುದ್ರಮಟ್ಟದಿಂದ 3,292 ಅಡಿ ಎತ್ತರದ ತುದಿಯನ್ನು ಇಪ್ಪತ್ತೈದು ಕಿಲೋಮೀಟರ್ ಒಳಗೇ ತಲುಪಬೇಕಾದ್ದರಿಂದ ಏರು ಎಲ್ಲೂ ಸಡಿಲವಾಗುವುದಿಲ್ಲ. ಕಣಿವೆಯ ಆಚೆ ಬದಿಯ ಬಂಡೆಯ ಮೈಯಲ್ಲಿ ರೈಲುಹಳಿ ಗೀರಿದಂತೆ ಕಾಣುತ್ತದೆ. ಅದರ ಕೆಳಗೆ ಸ್ಕಾಗ್‌ವೇ ನದಿ. ಇವೆರಡರ ನಡುವೆ ಅಲ್ಲಲ್ಲಿ ಮಾಯವಾಗಿ ಅಲ್ಲಲ್ಲಿ ತೋರುವ ಒಂದು ಕಾಲುಜಾಡು, 1897ರ ಜನ ನಡೆದದ್ದು.

ಆ ಜಾಡಿಗೆ ಸತ್ತ ಕುದುರೆಗಳ ದಾರಿ ಎಂದು ಹೆಸರು ಬಿತ್ತು. ಡೈಯಾದಿಂದ ಹತ್ತುವ ಚಿಲ್ಕೂಟ್ ಘಟ್ಟಕ್ಕಿಂತ ವೈಟ್ ಪಾಸ್ ಕೆಳಗಿದೆ, ಪ್ರಾಣಿಗಳ ಮೇಲೆ ಸಾಮಾನು ಹೇರಿಕೊಂಡು ಹೋಗಬಹುದು ಎಂಬ ಪ್ರಚಾರ ನಂಬಿ ಜನ ಮುದಿ ಕುದುರೆಗಳನ್ನೂ ಸವಾರಿಗೆ ಒಗ್ಗದ ಕುದುರೆಗಳನ್ನೂ ಕೊಂಡು ಹಡಗಿನಲ್ಲಿ ತಂದರು. ಕುದುರೆಯನ್ನೇ ಸಾಕಿ ಗೊತ್ತಿಲ್ಲದವರ ಕೈಯಲ್ಲಿ, ಮೇವಿಲ್ಲದ ಕೆಸರಿನ ಘಟ್ಟದಲ್ಲಿ, ಅತಿಭಾರ ಹೊತ್ತು, ಸುಮಾರು 3,000 ಪ್ರಾಣಿಗಳು ಸತ್ತವು. ಕಾಲು ಮುರಿದು ಬಿದ್ದವುಗಳನ್ನು ಎತ್ತಿ ಪಕ್ಕಕ್ಕಿಡುವ ವ್ಯವಧಾನವೂ ಹಿಂದೆ ಬರುತ್ತಿದ್ದವರಿಗೆ ಇರಲಿಲ್ಲವೆಂದು ಮಾರ್ಗದರ್ಶಿ ಹೇಳುವಾಗ ಬಸ್ಸಿನಲ್ಲಿ ಕೆಲವರು ಕಿಟಕಿಯತ್ತ ಮುಖ ತಿರುಗಿಸಿದರು. ಆಕೆ ಇದನ್ನು ಮೃದುಗೊಳಿಸದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಇಷ್ಟೊಂದು ಭಾರ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಗಡಿಯಲ್ಲಿದೆ. ಯೂಕಾನ್‌ನಲ್ಲಿ ಕಾಸು ಕೊಟ್ಟರೂ ಅನ್ನ ಹುಟ್ಟದ ಪರಿಸ್ಥಿತಿ ಬರಬಹುದೆಂದು ಹೆದರಿದ ಕೆನಡಾ ಸರ್ಕಾರ, ಒಬ್ಬೊಬ್ಬರೂ ಒಂದು ವರ್ಷಕ್ಕಾಗುವಷ್ಟು ದಿನಸಿ ತರದೆ ಒಳಗೆ ಬಿಡಬಾರದೆಂದು ಆಜ್ಞೆ ಮಾಡಿತು. ಘಟ್ಟಗಳ ನೆತ್ತಿಯಲ್ಲಿ ನಾರ್ತ್-ವೆಸ್ಟ್ ಮೌಂಟೆಡ್ ಪೊಲೀಸರು ಮ್ಯಾಕ್ಸಿಮ್ ಬಂದೂಕು ಇಟ್ಟುಕೊಂಡು ಚೌಕಿ ಹಾಕಿ ಕೂತರು. ಆಹಾರವೇ ಸುಮಾರು 1,150 ಪೌಂಡ್. ಹಿಟ್ಟು, ಉಪ್ಪು ಹಚ್ಚಿದ ಹಂದಿಮಾಂಸ, ಹುರುಳಿಜಾತಿಯ ಕಾಳು, ಸಕ್ಕರೆ. ಗುಡಾರ, ಗರಗಸ, ಒಲೆ, ಮೊಳೆ, ಕಂಬಳಿಗಳನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ಟನ್. ಒಬ್ಬ ಮನುಷ್ಯ ಒಂದು ಟನ್ ಹೊರಲಾರ. ಆದ್ದರಿಂದ ಕಂತು ಕಂತಾಗಿ ಹೊತ್ತ. ಒಂದು ಮೂಟೆಯನ್ನು ಕೆಲವು ಮೈಲಿ ಮುಂದಕ್ಕೆ ಹೊತ್ತು ಇಳಿಸುವುದು, ಬರಿಗೈಯಲ್ಲಿ ಹಿಂದಿರುಗುವುದು, ಮತ್ತೊಂದನ್ನು ಹೊರುವುದು: ಹೀಗೆ ಮೂವತ್ತು ನಲವತ್ತು ಸಲ ಓಡಾಡಿ ಎಲ್ಲವನ್ನೂ ಒಂದೆಡೆಗೆ ತಂದ ಮೇಲೆ ಮುಂದಿನ ಹಂತ. ನಕ್ಷೆಯಲ್ಲಿ ಐವತ್ತು ಕಿಲೋಮೀಟರಿನಷ್ಟಿರುವ ಘಟ್ಟಕ್ಕೆ ತಿಂಗಳುಗಳು ಹಿಡಿದದ್ದು ಹೀಗೆ. ಗೋಲ್ಡ್ ರಶ್ ಎಂದೊಡನೆ ನಾವು ಕಣ್ಣಮುಂದೆ ತಂದುಕೊಳ್ಳುವುದು ತಟ್ಟೆಯಲ್ಲಿ ಮರಳು ತೊಳೆಯುವವನನ್ನು. ಹೊರಟವರಲ್ಲಿ ಬಹುಪಾಲು ಜನರ ಪಾಲಿಗೆ ಅದು ಹಿಟ್ಟಿನ ಚೀಲ ಹೊರುವ ಕೆಲಸವಾಗಿತ್ತು.

ಮಾವನವರು ಇದನ್ನು ಬಹಳ ಆಸಕ್ತಿಯಿಂದ ಕೇಳಿಸಿಕೊಂಡು, “ಹಾಗಾದರೆ ಅಲ್ಲಿ ಹೋಗಿ ಅಗೆಯೋದು ಹೇಗೆ? ನೆಲ ಹೆಪ್ಪುಗಟ್ಟಿರತ್ತಲ್ಲ?” ಎಂದರು. ನಾನು ಆಕೆಗೆ ಇಂಗ್ಲಿಷಿನಲ್ಲಿ ಕೇಳಿ ಅವರಿಗೆ ಕನ್ನಡದಲ್ಲಿ ಹೇಳಿದೆ. ವರ್ಷವಿಡೀ ಕರಗದ ನೆಲದ ಮೇಲೆ ರಾತ್ರಿ ಸೌದೆಯ ಬೆಂಕಿ ಹಾಕುತ್ತಿದ್ದರು. ಬೆಳಿಗ್ಗೆ ಕರಗಿದಷ್ಟು ಮಣ್ಣನ್ನು ತೋಡಿ ಮೇಲೆತ್ತುತ್ತಿದ್ದರು. ಹೀಗೆ ಚಳಿಗಾಲವಿಡೀ ಇಳಿದು ತಳದ ಬಂಡೆ ಮುಟ್ಟಿದರೆ, ಅದರ ಮೇಲೆ ಕೂತಿದ್ದ ಚಿನ್ನದ ಜಲ್ಲಿಯನ್ನು ರಾಶಿ ಹಾಕಿ, ವಸಂತದಲ್ಲಿ ಹಳ್ಳ ಹರಿಯತೊಡಗಿದಾಗ ಹಲಗೆಯ ಕಾಲುವೆಗಳಲ್ಲಿ ಹಾಯಿಸಿ ತೊಳೆಯುತ್ತಿದ್ದರು. “ಅಂದರೆ ನಮ್ಮ ಕಪ್ಪತಗುಡ್ಡದ ಕಡೆ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವ ಜಲಗಾರರ ಕೆಲಸ, ಹಿಮದಲ್ಲಿ” ಎಂದರು ಮಾವ. ಅವರು ದುಡಿದ ಗಣಿಯ ರೀತಿ ಬೇರೆ. ಅಲ್ಲಿ ಚಿನ್ನ ಬಂಡೆಯ ಎಳೆಯೊಳಗೆ ಇತ್ತು; ಅದನ್ನು ತೆಗೆಯಲು ಕಂಪನಿ, ಬಂಡವಾಳ, ಯಂತ್ರ ಎಲ್ಲ ಬೇಕಿತ್ತು. ಕ್ಲಾಂಡೈಕ್‌ನ ಜನ ಸೌದೆ ಉರಿಸುತ್ತಿದ್ದ ಕಾಲಕ್ಕೆ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಳು ಭರದಿಂದ ನಡೆದಿದ್ದವು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಅಲ್ಲಿಗೆ ಬಂತು. ಒಬ್ಬಂಟಿ ಮನುಷ್ಯ ಸಲಿಕೆ ಹಿಡಿದು ಹೋಗಿ ಸಾಹುಕಾರನಾಗಬಹುದೆಂಬ ಆಸೆಗೆ ಕೋಲಾರದಲ್ಲಿ ಎಡೆಯಿರಲಿಲ್ಲ, ಕ್ಲಾಂಡೈಕ್‌ನಲ್ಲಿ ಇತ್ತು.

ನೆತ್ತಿ ದಾಟಿದ ಮೇಲೆ ನಾಡೇ ಬದಲಾಗುತ್ತದೆ. ಕರಾವಳಿಯ ದಟ್ಟ ಹಸಿರು ಮುಗಿದು, ಹಿಮನದಿ ಉಜ್ಜಿ ನಯಗೊಳಿಸಿದ ಬೂದು ಬಂಡೆಗಳು, ಅವುಗಳ ನಡುವೆ ಸಣ್ಣ ಸಣ್ಣ ಕೊಳಗಳು, ಗಾಳಿಗೆ ಬಾಗಿ ಎದೆಯೆತ್ತರಕ್ಕೂ ಬೆಳೆಯದ ಮರಗಳು. ಈ ಜಾಗವನ್ನು ಯಾತನೆಯ ಕಣಿವೆ ಎಂದು ಕರೆಯುತ್ತಾರೆ. ನಾನು ಕಂಡ ನಿಸರ್ಗದೃಶ್ಯಗಳಲ್ಲಿ ಇದನ್ನು ಸುಂದರ ಎನ್ನಲು ತುಸು ಹೊತ್ತು ಬೇಕಾಯಿತು. ನಾವು ಮುಂದೆ ನೋಡಿದ ಎಮರಾಲ್ಡ್ ಸರೋವರದಂತೆ ಮೊದಲ ನೋಟಕ್ಕೇ ಒಪ್ಪುವ ಚೆಲುವಲ್ಲ ಇದು. ಫ್ರೇಸರ್‌ನಲ್ಲಿ ಕೆನಡಾದ ಅಧಿಕಾರಿ ಬಸ್ಸಿಗೇ ಬಂದು ಪಾಸ್‌ಪೋರ್ಟ್ ನೋಡಿಹೋದರು. ಮುಂದೆ ಟುಶೈ ಸರೋವರ, ಆಮೇಲೆ ಟ್ಯಾಗಿಶ್ ಸರೋವರದ ವಿಂಡಿ ಆರ್ಮ್ ಎಂಬ ತೋಳು. ಆ ತೋಳಿನ ಗಾಳಿಗೆ ಸಿಕ್ಕಿ ಹಿಂದೆ ದೋಣಿಗಳು ಮುಳುಗುತ್ತಿದ್ದವು. ರಸ್ತೆಬದಿಯಲ್ಲಿ ಒಂದು ಕರಿಕರಡಿ ನಮ್ಮನ್ನು ಲೆಕ್ಕಿಸದೆ ಹಳದಿ ಹೂಗಳನ್ನು ಮೇಯುತ್ತಿತ್ತು.

ಕಾರ್‌ಕ್ರಾಸ್ ಬೆನೆಟ್ ಸರೋವರದ ತುದಿಯಲ್ಲಿರುವ ಪುಟ್ಟ ಊರು. ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಹಿಂಡುಗಳು ಇಲ್ಲಿನ ಕಿರಿದಾದ ನೀರನ್ನು ದಾಟುತ್ತಿದ್ದುದರಿಂದ ಇದಕ್ಕೆ ಮೊದಲು ಕ್ಯಾರಿಬೂ ಕ್ರಾಸಿಂಗ್ ಎಂಬ ಹೆಸರಿತ್ತು. ಹಳೆಯ ಮ್ಯಾಥ್ಯೂ ವಾಟ್ಸನ್ ಅಂಗಡಿ, ಕ್ಯಾರಿಬೂ ಹೋಟೆಲಿನ ಕಟ್ಟಡ, ಮೂಲನಿವಾಸಿ ಟ್ಲಿಂಗಿಟ್ ಜನರ ಶೈಲಿಯ ಚಿತ್ರ ಬರೆದ ಹೊಸ ಅಂಗಡಿಗಳು ಎಲ್ಲವನ್ನೂ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಆದರೆ ನನ್ನ ಮಟ್ಟಿಗೆ ಇಡೀ ದಿನದ ಮುಖ್ಯ ಸ್ಥಳ ಇದೇ, ಏಕೆಂದರೆ ಕ್ಲಾಂಡೈಕ್‌ನ ಚಿನ್ನವನ್ನು ಕಂಡುಹಿಡಿದ ಕುಟುಂಬ ಈ ಸೀಮೆಯದು, ಅವರಲ್ಲಿ ಮೂವರು ಇಲ್ಲೇ ಮಣ್ಣಾಗಿದ್ದಾರೆ.

1887ರಲ್ಲಿ ಮೂರ್‌ನೊಂದಿಗೆ ಘಟ್ಟ ದಾಟಿದ್ದ ಕೀಶ್ ಎಂಬವನನ್ನು ಹೇಳಿದೆನಲ್ಲ, ಬಿಳಿಯರು ಅವನನ್ನು ಸ್ಕೂಕಮ್ ಜಿಮ್ ಎಂದು ಕರೆದರು. ಒಮ್ಮೆ ಚಿಲ್ಕೂಟ್ ಘಟ್ಟದಲ್ಲಿ 156 ಪೌಂಡ್ ಹಂದಿಮಾಂಸವನ್ನು ಒಂದೇ ಹೊರೆಯಾಗಿ ಹೊತ್ತು ದಾಟಿಸಿದನೆಂದು ದಾಖಲಾಗಿದೆ. ಅವನ ತಂಗಿ ಶಾ ಟ್ಲಾ, ಅಂದರೆ ಕೇಟ್, ಜಾರ್ಜ್ ಕಾರ್ಮ್ಯಾಕ್ ಎಂಬ ಬಿಳಿಯನನ್ನು ಮದುವೆಯಾಗಿದ್ದಳು. ಸೋದರಳಿಯ ಡಾಸನ್ ಚಾರ್ಲಿ. 1896ರ ಆಗಸ್ಟಿನಲ್ಲಿ ಈ ಕುಟುಂಬ ಕ್ಲಾಂಡೈಕ್ ಕಡೆಯಲ್ಲಿತ್ತು. ಚಿನ್ನವನ್ನು ಮೊದಲು ಕಂಡವನು ಜಿಮ್ ಎಂದು ಟ್ಯಾಗಿಶ್ ಜನ ಹೇಳುತ್ತಾರೆ, ತಾನೆಂದು ಕಾರ್ಮ್ಯಾಕ್ ಹೇಳಿಕೊಂಡ. ಮೊದಲ ಶೋಧದ ಹಕ್ಕು ನೋಂದಣಿಯಾದದ್ದು ಕಾರ್ಮ್ಯಾಕ್ ಹೆಸರಿಗೆ. ಮೂಲನಿವಾಸಿಯ ಹೆಸರಿನಲ್ಲಿ ಅದನ್ನು ಯಾರೂ ಮನ್ನಿಸಲಾರರು ಎಂಬುದು ಅದಕ್ಕೆ ಕೊಟ್ಟ ಕಾರಣ. ಚಿನ್ನ ಕೈಸೇರಿದ ಕೆಲವೇ ವರ್ಷಗಳಲ್ಲಿ, 1900ರಲ್ಲಿ, ಅವನು ಕೇಟ್‌ಳನ್ನು ತೊರೆದು ಬೇರೆ ಮದುವೆಯಾದ. ಕೇಟ್ ಕಾರ್‌ಕ್ರಾಸ್‌ಗೆ ಮರಳಿ, ಅಣ್ಣ ಕಟ್ಟಿಸಿಕೊಟ್ಟ ಗುಡಿಸಲಿನಲ್ಲಿ ಬದುಕಿ, 1920ರಲ್ಲಿ ತೀರಿಕೊಂಡಳು. ಚಾರ್ಲಿ 1908ರಲ್ಲಿ ಇದೇ ಊರಿನ ಸೇತುವೆಯಿಂದ ಬಿದ್ದು ಸತ್ತ. 1916ರಲ್ಲಿ ಸತ್ತ ಜಿಮ್ ತನ್ನ ಆಸ್ತಿಯ ಒಂದು ಭಾಗವನ್ನು ಯೂಕಾನಿನ ಮೂಲನಿವಾಸಿಗಳ ಒಳಿತಿಗೆಂದು ಉಯಿಲು ಬರೆದಿಟ್ಟಿದ್ದ. ವೈಟ್‌ಹಾರ್ಸ್ ನಗರದಲ್ಲಿ ಅವನ ಹೆಸರಿನ ಕೇಂದ್ರ ಈಗಲೂ ನಡೆಯುತ್ತಿದೆ. ಕೆನಡಾದ ಗಣಿಗಾರಿಕೆಯ ಗೌರವಪಟ್ಟಿಗೆ ಗಂಡಸರನ್ನೆಲ್ಲ 1999ರಲ್ಲೇ ಸೇರಿಸಿದರು, ಕೇಟ್‌ಳನ್ನು ಸೇರಿಸಲು ಮತ್ತೆ ಸುಮಾರು ಎರಡು ದಶಕ ಬೇಕಾಯಿತು. ನಮ್ಮ ಮಾರ್ಗದರ್ಶಿ ಇದಿಷ್ಟನ್ನೂ ಸೋಪಿಯ ಕಥೆಗೆ ಕೊಟ್ಟ ಸಮಯದ ಅರ್ಧದಲ್ಲಿ ಹೇಳಿ ಮುಗಿಸಿದ್ದು ಮಾತ್ರ ಸರಿಬರಲಿಲ್ಲ.

ಊರ ಹೊರಗಿನ ಮರಳದಿಬ್ಬಗಳಿಗೆ ಜಗತ್ತಿನ ಅತಿ ಚಿಕ್ಕ ಮರುಭೂಮಿ ಎಂಬ ಪ್ರಚಾರವಿದೆ. ನಿಜವಾಗಿ ಅದು ಮರುಭೂಮಿಯಲ್ಲ. ಹಿಮಯುಗದ ಕೊನೆಗೆ ಇಂಗಿಹೋದ ಸರೋವರದ ತಳದ ಮರಳು, ಬೆನೆಟ್ ಸರೋವರದ ಕಡೆಯ ಗಾಳಿಗೆ ದಿಬ್ಬಗಟ್ಟಿದ್ದು. ಅಲ್ಲಿಂದ ತುಸು ದೂರದ ಎಮರಾಲ್ಡ್ ಸರೋವರಕ್ಕೆ ಯಾವ ಪ್ರಚಾರವೂ ಬೇಕಿಲ್ಲ. ಸುಣ್ಣಕಲ್ಲಿನ ಜಲ್ಲಿಯಿಂದ ಕರಗಿ ಬಂದ ಸುಣ್ಣದ ಅಂಶ ತಳದಲ್ಲಿ ಬಿಳಿಯ ಹೂಳಾಗಿ ಕೂತಿದೆ; ಆಳವಿಲ್ಲದ ಕಡೆ ಬೆಳಕು ಆ ಬಿಳುಪಿಗೆ ತಾಗಿ ಮರಳುವಾಗ ನೀರು ತಿಳಿಹಸಿರಾಗಿಯೂ ಆಳವಿದ್ದಲ್ಲಿ ಕಡುನೀಲಿಯಾಗಿಯೂ ತೋರುತ್ತದೆ. ಮೋಡ ಸರಿದಂತೆ ಬಣ್ಣಗಳ ಗಡಿ ಸರಿಯುವುದನ್ನು ನಾವು ರಸ್ತೆಯ ಮೇಲಿನ ಕಟ್ಟೆಯಿಂದಲೇ ನೋಡಿದೆವು. ಬಸ್ಸು ಅಲ್ಲಿಂದ ತಿರುಗಿತು.

ಫ್ರೇಸರ್‌ನಲ್ಲಿ ವೈಟ್ ಪಾಸ್ ಆ್ಯಂಡ್ ಯೂಕಾನ್ ರೂಟ್‌ನ ರೈಲು ಹತ್ತಿದೆವು. ಮೂರಡಿ ಅಗಲದ ನ್ಯಾರೋ ಗೇಜ್ ಹಳಿ; ಇಳಿಯುವಾಗ ಬಲಗಡೆಯ ಸೀಟು ಹಿಡಿದರೆ ಕಣಿವೆ ಕಾಣುತ್ತದೆ. 1898ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿ, ಹಗ್ಗಕ್ಕೆ ಜೋತುಬಿದ್ದ ಕೂಲಿಗಳು ಬಂಡೆ ಕೊರೆದು ಸಿಡಿಮದ್ದು ತುಂಬುತ್ತ, 1899ರ ಫೆಬ್ರುವರಿಯಲ್ಲಿ ಘಟ್ಟದ ತುದಿ ಮುಟ್ಟಿ, 1900ರ ಜುಲೈ 29ರಂದು ಕಾರ್‌ಕ್ರಾಸ್‌ನಲ್ಲಿ ಕೊನೆಯ ಮೊಳೆ ಹೊಡೆದರು. ಸಮುದ್ರದಂಚಿನಿಂದ ಇಪ್ಪತ್ತು ಮೈಲಿಯಲ್ಲಿ ಸುಮಾರು 2,900 ಅಡಿ ಏರುವ ಮಾರ್ಗವಿದು. ಇಳಿಯುವ ದಾರಿಯಲ್ಲಿ ಈಗ ಬಳಕೆಯಲ್ಲಿಲ್ಲದ 1901ರ ಉಕ್ಕಿನ ಕಮಾನುಸೇತುವೆ ಕಮರಿಯ ಮೇಲೆ ತುಕ್ಕು ಹಿಡಿದು ನಿಂತಿದೆ. ಮುಂದೆ ಬಂಡೆಯೊಂದರ ಮೇಲೆ ಕಪ್ಪು ಶಿಲುಬೆ: 1898ರ ಆಗಸ್ಟಿನಲ್ಲಿ ಸಿಡಿತದಿಂದ ಉರುಳಿದ ನೂರು ಟನ್ ತೂಕದ ಕಲ್ಲಿನಡಿ ಸಿಕ್ಕ ಇಬ್ಬರು ಕೂಲಿಗಳು ಅದರ ಕೆಳಗೇ ಇದ್ದಾರೆ. ಗಣಿಯಲ್ಲಿ ಬಂಡೆ ಸಿಡಿಯುವುದನ್ನು ಬಲ್ಲ ಮಾವನವರು ಅಲ್ಲಿ ಟೋಪಿ ತೆಗೆದು ಕೈಮುಗಿದರು. ಈ ರೈಲು ಮುಗಿಯುವ ಹೊತ್ತಿಗೆ ಅದನ್ನು ಕಟ್ಟಿಸಲು ಕಾರಣವಾದ ಜನಜಾತ್ರೆ ಕರಗಿತ್ತು. ಆದರೂ ಅದಿರು ಸಾಗಿಸುತ್ತ 1982ರವರೆಗೆ ಬದುಕಿ, ನಿಂತು, 1988ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಹೊರಟಿತು.

ಮೂರನೆಯ ದಿನ: ಡೈಯಾ

ಡೈಯಾ ಸ್ಕಾಗ್‌ವೇಯಿಂದ ಹದಿನೈದು ಕಿಲೋಮೀಟರ್ ದೂರ, ಕಡಲಂಚಿನ ಕಿರಿದಾದ ರಸ್ತೆ. ಚಿಲ್ಕೂಟ್ ಹಾದಿ ಇಲ್ಲಿಂದ ಶುರುವಾಗುತ್ತದೆ. ಈ ಹಾದಿ ಚಿನ್ನದವರು ಹುಡುಕಿದ್ದಲ್ಲ; ಮೀನೆಣ್ಣೆ ಒಯ್ದು ತುಪ್ಪುಳ ತರುತ್ತಿದ್ದ ಟ್ಲಿಂಗಿಟ್ ಜನರ ವ್ಯಾಪಾರದ ದಾರಿ. ಅದರ ಮೇಲೆ ಅವರಿಗೇ ಹಿಡಿತವಿತ್ತು. ಜನ ನುಗ್ಗಿದಾಗ ಪೌಂಡಿಗೆ ಇಷ್ಟೆಂದು ಹೊರೆಗೂಲಿ ನಿಗದಿ ಮಾಡಿ, ಎಲ್ಲಿ ದರ ಹೆಚ್ಚೋ ಅಲ್ಲಿಗೆ ಹೊತ್ತರು. ಕೊನೆಯ ಕಡಿದಾದ ಏರಿನ ಬುಡದಲ್ಲಿ ಮೂಟೆಗಳನ್ನು ಮತ್ತೆ ತೂಗಿ ಹೊಸ ದರ ಹೇಳುತ್ತಿದ್ದ ಜಾಗಕ್ಕೆ ತಕ್ಕಡಿ ಎಂದೇ ಹೆಸರಾಯಿತು. ಅಲ್ಲಿಂದ ಮೇಲೆ ಮಂಜಿನಲ್ಲಿ ಕಡಿದ ಸುಮಾರು 1,500 ಮೆಟ್ಟಿಲು. ಸಾಲಿನಿಂದ ಒಮ್ಮೆ ಪಕ್ಕಕ್ಕೆ ಸರಿದವನಿಗೆ ಮತ್ತೆ ಜಾಗ ಸಿಗಲು ಬಹಳ ಹೊತ್ತು ಕಾಯಬೇಕಿತ್ತಂತೆ.

ಕಾಡಿನೊಳಗೆ ಸ್ಲೈಡ್ ಸ್ಮಶಾನವಿದೆ. ಇಲ್ಲಿನ ಫಲಕಗಳ ಮೇಲೆ ಊರುಗಳು ಬೇರೆ ಬೇರೆ, ತಾರೀಖು ಒಂದೇ: 1898ರ ಏಪ್ರಿಲ್ 3. ಈಸ್ಟರ್‌ಗೆ ಹಿಂದಿನ ವಾರ ಕ್ರೈಸ್ತರು ಆಚರಿಸುವ ಗರಿಗಳ ಭಾನುವಾರವಾಗಿದ್ದ ಅಂದು, ದಿನಗಟ್ಟಲೆ ಸುರಿದ ಹಿಮದ ಮೇಲೆ ಬೆಚ್ಚನೆಯ ಗಾಳಿ ಬೀಸಿ ತಕ್ಕಡಿಯ ಕೆಳಭಾಗದಲ್ಲಿ ಹಿಮಕುಸಿತವಾಯಿತು. 60ಕ್ಕೂ ಹೆಚ್ಚು ಮಂದಿ ಸತ್ತರು. ಹಾದಿ ಬಲ್ಲ ಟ್ಲಿಂಗಿಟ್ ಹೊರೆಯಾಳುಗಳು ಆ ದಿನಗಳಲ್ಲಿ ಹತ್ತಲು ಒಪ್ಪಿರಲಿಲ್ಲ.

ದಾಟಿದವರು ಲಿಂಡೆಮನ್, ಬೆನೆಟ್ ಸರೋವರಗಳ ದಂಡೆಯಲ್ಲಿ ಚಳಿಗಾಲ ಕಳೆದು, ಸುತ್ತಲಿನ ಮರ ಕಡಿದು ತಾವೇ ದೋಣಿ ಮಾಡಿಕೊಂಡರು. 1898ರ ಮೇ ಕೊನೆಗೆ ಮಂಜುಗಡ್ಡೆ ಒಡೆಯುತ್ತಲೇ 7,000ಕ್ಕೂ ಹೆಚ್ಚು ದೋಣಿಗಳು ಯೂಕಾನ್ ನದಿಯತ್ತ ಹೊರಟವು. ಅವರು ಕ್ಲಾಂಡೈಕ್‌ನ ಡಾಸನ್ ಊರನ್ನು ತಲುಪಿದಾಗ ಒಳ್ಳೆಯ ಹಳ್ಳಗಳೆಲ್ಲವೂ ಆಗಲೇ, ಅಂದರೆ ಹೊರಗಿನವರಿಗೆ ಸುದ್ದಿ ಮುಟ್ಟುವ ಮೊದಲೇ, ಯೂಕಾನ್‌ನಲ್ಲೇ ಇದ್ದ ಹಳೆಯ ಗಣಿಗಾರರ ಪಾಲಾಗಿದ್ದವು. ಅನೇಕರು ಒಂದು ಗುಂಡಿಯನ್ನೂ ತೋಡದೆ ಕೂಲಿಗೆ ನಿಂತರು. ತಂದ ಹಿಟ್ಟನ್ನು ಮಾರಿ ಊರಿಗೆ ಮರಳಿದವರೂ ಇದ್ದರು. 1899ರ ಬೇಸಿಗೆಯಲ್ಲಿ ಅಲಾಸ್ಕಾದ ಪಶ್ಚಿಮದ ನೋಮ್‌ನ ಕಡಲ ದಂಡೆಯಲ್ಲಿ ಚಿನ್ನವಿದೆಯೆಂಬ ಸುದ್ದಿ ಬಂದಾಗ ಸಾವಿರಾರು ಮಂದಿ ಅತ್ತ ಹೋದರು.

ಒಂದು ಕಾಲಕ್ಕೆ 8,000 ಜನರಿದ್ದ ಡೈಯಾದಲ್ಲಿ ಈಗ ಕಾಣುವುದು ಆಸರೆ ಕೊಟ್ಟು ನಿಲ್ಲಿಸಿದ ಒಂದು ಅಂಗಡಿಯ ಮುಂಗೋಡೆ ಮತ್ತು ಹುಲ್ಲುಬಯಲಿನಲ್ಲಿ ಸಾಲಾಗಿ ನಿಂತ ಧಕ್ಕೆಯ ಮರದ ಬುಡಗಳು. ಹಿಮನದಿಗಳ ಭಾರ ಇಳಿದ ನೆಲ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಮೇಲೇಳುತ್ತಿರುವುದರಿಂದ ನೀರು ಅಲ್ಲಿಂದ ದೂರ ಸರಿದಿದೆ. ಆ ಊರು ಹೇಗೆ ಮುಗಿಯಿತೆಂದು ಮಾವ ಕೇಳಿದರು. ಹಡಗು ಬರಲು ಆಳವಾದ ನೀರಿದ್ದ ಸ್ಕಾಗ್‌ವೇಗೆ ರೈಲು ಬಂತು. ರೈಲು ಕಂಪನಿ ಚಿಲ್ಕೂಟ್‌ನ ಸಾಮಾನು ಸಾಗಿಸುವ ತೂಗುತಂತಿಗಳನ್ನು ಕೊಂಡು ಕಿತ್ತುಹಾಕಿತು. ಹೊರುವ ಕೆಲಸ ನಿಂತಿತು, ಅದನ್ನೇ ನಂಬಿದ್ದ ಊರೂ ನಿಂತಿತು. 1903ರ ಹೊತ್ತಿಗೆ ಬೆರಳೆಣಿಕೆಯಷ್ಟು ಜನರಿದ್ದರು. “2001ರಲ್ಲಿ ನಮ್ಮಲ್ಲೂ ಗಣಿ ಮುಚ್ಚಿದರು, ಆದರೆ ಜನ ಬಿಟ್ಟುಹೋಗಲಿಲ್ಲ ನೋಡಮ್ಮಾ, ಈಗಲೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರ್ತಾರೆ” ಎಂದು ಮಾವ ಹೇಳಿದರು. ಸಂಜೆಯ ಫೆರಿಗೆ ಹೊತ್ತಾಗಿದ್ದರಿಂದ ಅಲ್ಲಿಂದ ಹೊರಟೆವು.